ನನ್ನ ಇಂಟರ್ನೆಟ್ ಸಂಪರ್ಕದ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಕಿತ್ತುಕೊಂಡು, ತಪ್ಪನ್ನು ನನ್ನ ಲಿನಕ್ಸ್ ಯಂತ್ರದ ತಲೆಗೆ ಕಟ್ಟಿದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ
ಪ್ರತಿ: ವ್ಯವಸ್ಥಾಪಕರು, ದಾವಣಗೆರೆ ಶಾಖೆ

ಮಾನ್ಯರೇ,

ನಿನ್ನೆ, 20ನೇ ತಾರೀಕು, ಸಂಜೆ 6 ಗಂಟೆ 42 ನಿಮಿಷಕ್ಕೆ ನಿಮ್ಮಿಂದ ನನ್ನ ಮೊಬೈಲ್‌ಗೆ ಸಂದೇಶ ಬಂದಿದೆ. "ನಿಮ್ಮ ದೂರು ಪರಿಹಾರವಾಗಿದೆ. ಕಾರಣ: ಗ್ರಾಹಕರ ಉಪಕರಣದ ದೋಷ. ಗ್ರಾಹಕರು ಒಪ್ಪಿದ್ದಾರೆ." ನಾನು ಒಪ್ಪಿಲ್ಲ. ನನ್ನ ಉಪಕರಣದಲ್ಲಿ ದೋಷವಿಲ್ಲ. ದೂರು ಪರಿಹಾರವಾಗಿಲ್ಲ. ಮೂರು ವಾಕ್ಯಗಳ ಸಂದೇಶದಲ್ಲಿ ಮೂರೂ ಸುಳ್ಳು. ಈ 18 ದಿನಗಳಲ್ಲಿ ಒಂಬತ್ತು ಸಲ ಕರೆ ಮಾಡಿ, ಎರಡು ಸಲ ನಿಮ್ಮ ಶಾಖೆಯ ಮೆಟ್ಟಿಲು ಹತ್ತಿ, ಪ್ರತಿ ಸಲವೂ "ದಯವಿಟ್ಟು" ಎಂದೇ ಮಾತು ಶುರು ಮಾಡಿದವಳು ನಾನು. ಈ ಪತ್ರದಲ್ಲಿ ಆ ಪದ ಇನ್ನು ಬರುವುದಿಲ್ಲ.

ನಾನು ಪಿ.ಜೆ. ಬಡಾವಣೆಯಲ್ಲಿ 22 ವರ್ಷಗಳಿಂದ ತೆರಿಗೆ ಸಲಹೆಗಾರ್ತಿ. ದಾವಣಗೆರೆಯಲ್ಲಿ ನಾನೂ ನಾಲ್ವರು ಸಿಬ್ಬಂದಿಯೂ ಇದ್ದೇವೆ, ಚಿತ್ರದುರ್ಗದ ಚಿಕ್ಕ ಶಾಖೆಯಲ್ಲಿ ಇಬ್ಬರಿದ್ದಾರೆ. ಲೆಕ್ಕಪತ್ರದ ಸರ್ವರ್ ಇಲ್ಲಿದೆ. ಚಿತ್ರದುರ್ಗದವರು ವೈರ್‌ಗಾರ್ಡ್ ಎಂಬ ಸುರಕ್ಷಿತ ಸುರಂಗದ ಮೂಲಕ ಇದೇ ಸರ್ವರ್‌ಗೆ ಬಂದು ಕೆಲಸ ಮಾಡುತ್ತಾರೆ. ಹಾಗೆ ಬರಲು ಅವರಿಗೆ ಬದಲಾಗದ ಒಂದು ವಿಳಾಸ ಬೇಕು. ಅದಕ್ಕಾಗಿಯೇ ನಿಮಗೆ ಮಾಸಿಕ ಶುಲ್ಕದ ಮೇಲೆ ವರ್ಷಕ್ಕೆ 2,400 ರೂಪಾಯಿಯನ್ನು ಸ್ಟ್ಯಾಟಿಕ್ ಐಪಿಗೆಂದು ಪ್ರತ್ಯೇಕವಾಗಿ, ಮುಂಗಡವಾಗಿ ಕಟ್ಟಿದ್ದೇನೆ. ಆ ಹಣಕ್ಕೆ ನೀವು ಏನು ಕೊಡಬೇಕು ಎಂಬುದು ನಿಮ್ಮದೇ ಷರತ್ತುಗಳಲ್ಲಿದೆ. ಅದನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ.

ಮೂರು ವರ್ಷಗಳ ಹಿಂದೆ ರಸ್ತೆ ಅಗೆಯುವಾಗ ನಿಮ್ಮ ಫೈಬರ್ ತುಂಡಾಗಿ ಐದು ದಿನ ಕಚೇರಿ ಮುಚ್ಚಿದಂತಾಗಿತ್ತು. ಅಂದಿನಿಂದ ಬೇರೊಂದು ಕಂಪನಿಯ ಸಂಪರ್ಕವನ್ನೂ ಇಟ್ಟುಕೊಂಡಿದ್ದೇನೆ. ಎರಡೂ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಎಂಬ ತಂತ್ರಾಂಶದಿಂದ ನಡೆಯುವ ಒಂದು ಹಳೆಯ ಕಂಪ್ಯೂಟರ್‌ಗೆ ಬರುತ್ತವೆ. ಸರ್ವರ್ ಮತ್ತು ಸುರಂಗ ನಿಮ್ಮ ಸಂಪರ್ಕದಲ್ಲಿ, ಸಿಬ್ಬಂದಿಯ ಬ್ರೌಸಿಂಗ್ ಇನ್ನೊಂದರಲ್ಲಿ. ಒಂದು ಬಿದ್ದರೆ ಹೊರಹೋಗುವುದೆಲ್ಲ ಉಳಿದದ್ದರ ಮೇಲೆ ಹೋಗುತ್ತದೆ. ಈ ವ್ಯವಸ್ಥೆಯನ್ನು ಮಾಡಿದವಳು ನಾನೇ. ರಾತ್ರಿ ಕುಳಿತು, ಓದಿ, ತಪ್ಪಿ, ತಿದ್ದಿ ಕಲಿತದ್ದು.

ಈ ತಿಂಗಳ 3ರ ರಾತ್ರಿ ನಿಮ್ಮ ಸಂಪರ್ಕ ಒಂದು ನಿಮಿಷ ಕಡಿದು ಮತ್ತೆ ಬಂತು. ಬೆಳಿಗ್ಗೆ ಚಿತ್ರದುರ್ಗದವರು "ಸರ್ವರ್ ಸಿಗುತ್ತಿಲ್ಲ" ಎಂದರು. ಇಲ್ಲಿ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತಿತ್ತು: ಮೋಡೆಮ್‌ನಲ್ಲಿ ಹಸಿರು ದೀಪ, ಪಿಂಗ್ ಸರಿ, ಜಾಲತಾಣಗಳು ತೆರೆಯುತ್ತಿದ್ದವು.

ಮೊದಲು ನಾನು ಅನುಮಾನಿಸಿದ್ದು ನನ್ನನ್ನೇ. ಎರಡು ಸಂಪರ್ಕಗಳಿರುವ ಯಂತ್ರದಲ್ಲಿ ಆಗುವ ದೊಡ್ಡ ತಪ್ಪು ಯಾವುದೆಂದು ನನಗೆ ಗೊತ್ತು. ನಿಮ್ಮ ಕಡೆಯಿಂದ ಒಳಬಂದ ಪ್ಯಾಕೆಟ್‌ಗೆ, ಎಂದರೆ ಮಾಹಿತಿಯ ತುಣುಕಿಗೆ, ಉತ್ತರವು ಇನ್ನೊಬ್ಬರ ಕಡೆಯಿಂದ ಹೊರಟುಬಿಡುತ್ತದೆ. ಕಳುಹಿಸಿದವರ ವಿಳಾಸ ನಿಮ್ಮದು, ಹೊರಟ ಬಾಗಿಲು ಅವರದು; ತಮ್ಮದಲ್ಲದ ವಿಳಾಸವೆಂದು ಅವರು ಅದನ್ನು ಎಸೆದರೆ ತಪ್ಪು ಅವರದಲ್ಲ. ಹೀಗಾಗದಂತೆ ಪ್ರತಿ ಸಂಪರ್ಕಕ್ಕೂ ಬೇರೆ ರೂಟಿಂಗ್ ಟೇಬಲ್ (ದಾರಿಗಳ ಪಟ್ಟಿ) ಬರೆದು, ಮೂಲ ವಿಳಾಸ ನೋಡಿ ಟೇಬಲ್ ಆರಿಸುವ ನಿಯಮ ಹಾಕಬೇಕು. ಆರ್‌ಪಿ ಫಿಲ್ಟರ್ ಎಂಬ ಶೋಧಕವನ್ನೂ ನೋಡಬೇಕು. ಅದರ ಮೌಲ್ಯ 1 ಆಗಿದ್ದರೆ, ಉತ್ತರ ಹೋಗಬೇಕಾದ ದಾರಿಯಿಂದಲೇ ಬರದ ಪ್ಯಾಕೆಟ್ ಅನ್ನು ಲಿನಕ್ಸ್ ಸದ್ದಿಲ್ಲದೆ ಬಿಸಾಡುತ್ತದೆ. ನನ್ನಲ್ಲಿ ಅದು ಅಷ್ಟು ಬಿಗಿಯಿಲ್ಲದ 2ರಲ್ಲಿದೆ. ಟೇಬಲ್‌ಗಳು ಸರಿ, ನಿಯಮಗಳು ಸರಿ. ಮೂರು ವರ್ಷಗಳ ಹಿಂದೆ ಇದೇ ತಪ್ಪು ಮಾಡಿ ಒಂದು ವಾರ ಒದ್ದಾಡಿದ್ದರಿಂದ ಈ ಸಲ ಪ್ರತಿ ಸಾಲನ್ನೂ ಎರಡೆರಡು ಸಲ ಓದಿದೆ. ಎರಡನೆಯ ಸಂಪರ್ಕದ ಕೇಬಲ್ ತೆಗೆದು, ನಿಮ್ಮದೊಂದನ್ನೇ ಇಟ್ಟುಕೊಂಡೂ ನೋಡಿದೆ. ಸುರಂಗ ತೆರೆಯಲಿಲ್ಲ.

9ರಂದು ನಾನೇ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋದೆ. ಅಲ್ಲಿಯ ಕಂಪ್ಯೂಟರ್‌ನಲ್ಲಿ, ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿಕೊಂಡು ಕುಳಿತೆ. ಪ್ರತಿ 5 ಸೆಕೆಂಡಿಗೊಮ್ಮೆ 148 ಬೈಟ್‌ಗಳ ಒಂದು ಪ್ಯಾಕೆಟ್ ದಾವಣಗೆರೆಯ ವಿಳಾಸಕ್ಕೆ ಹೊರಡುತ್ತಿತ್ತು. ವೈರ್‌ಗಾರ್ಡ್ ಬಾಗಿಲು ತಟ್ಟುವ ರೀತಿ ಅದು. ಒಳಗಿನವರು 92 ಬೈಟ್‌ಗಳ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ. ದಾವಣಗೆರೆ ಕಚೇರಿಯಲ್ಲಿ ನಮ್ಮ ಹುಡುಗಿಗೆ ನಿಮ್ಮ ಸಂಪರ್ಕದ ಮೇಲೆ ಅದೇ ಟಿಸಿಪಿಡಂಪ್ ಹಾಕಲು ಹೇಳಿ ಫೋನ್ ಹಿಡಿದುಕೊಂಡೆ. "ಅಕ್ಕಾ, ಏನೂ ಬರುತ್ತಿಲ್ಲ" ಎಂದಳು. ಹತ್ತು ನಿಮಿಷ ಕಾದೆವು. ಇಲ್ಲಿಂದ ನೂರಕ್ಕೂ ಹೆಚ್ಚು ಸಲ ತಟ್ಟಿದರೂ ಅಲ್ಲಿ ಒಂದೂ ಕೇಳಿಸಲಿಲ್ಲ. ಬಂದ ಪ್ಯಾಕೆಟ್ ಅನ್ನು ನನ್ನ ಯಂತ್ರ ಎಸೆದಿದ್ದರೆ ಅದು ಮೊದಲು ಟಿಸಿಪಿಡಂಪ್‌ನಲ್ಲಿ ಕಾಣಬೇಕಿತ್ತು. ಬರಲೇ ಇಲ್ಲದ್ದನ್ನು ಯಾವ ಲಿನಕ್ಸ್ ತಾನೇ ಎಸೆಯಲು ಸಾಧ್ಯ?

ಆಗ ಅವಳಿಗೆ ನಿಮ್ಮ ಸಂಪರ್ಕಕ್ಕೆ ಸಿಕ್ಕಿರುವ ಐಪಿ ವಿಳಾಸವನ್ನು ಓದಲು ಹೇಳಿದೆ. ಅದು 100.71 ಎಂದು ಶುರುವಾಗುತ್ತಿತ್ತು. ನಾನು ಹಣ ಕಟ್ಟಿದ ವಿಳಾಸ ಅದಲ್ಲ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು ಸೇವಾ ಕಂಪನಿಗಳು ತಮ್ಮ ಒಳಗಿನ ಬಳಕೆಗೆ ಇಟ್ಟುಕೊಳ್ಳಲೆಂದು 2012ರಲ್ಲಿ ಮೀಸಲಿಡಲಾಗಿದೆ. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಗ್ರಾಹಕರನ್ನು ಕೂರಿಸಲು ಅವನ್ನು ಬಳಸುತ್ತಾರೆ. ಅಂಥ ವಿಳಾಸ ಇರುವವರು ಹೊರಗೆ ಹೋಗಬಹುದು. ಹೊರಗಿನವರು ಅವರನ್ನು ಹುಡುಕಿಕೊಂಡು ಬರಲಾಗದು. ಇದು ನನಗಿಂತ ಚೆನ್ನಾಗಿ ನಿಮಗೆ ತಿಳಿದಿರಬೇಕು. ಹಾಗಾದರೆ ನನ್ನ ಹೆಸರಿನ ಆ ಸ್ಟ್ಯಾಟಿಕ್ ವಿಳಾಸ ಈಗ ಯಾರ ಬಳಿ ಇದೆ?

ಈ ಪ್ರಶ್ನೆಯನ್ನೇ ಫೋನ್‌ನಲ್ಲಿ ಒಂಬತ್ತು ಸಲ ಕೇಳಿದೆ. ಆರು ಸಲ ಮೋಡೆಮ್ ಆರಿಸಿ ಹಾಕಲು ಹೇಳಿದರು. ಎರಡು ಸಲ ಕರೆ ಕಡಿಯಿತು. ಒಂದು ಸಲ, 14ರಂದು, "ಲಿನಕ್ಸ್ ತೆಗೆದು ವಿಂಡೋಸ್ ಹಾಕಿ, ಸರಿಹೋಗುತ್ತದೆ" ಎಂಬ ಉತ್ತರ ಬಂತು. ಕರೆಗಳನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆ ಎಂದು ನೀವೇ ಹೇಳುತ್ತೀರಿ. ಆ ಕರೆಯನ್ನು ತೆಗೆದು ಕೇಳಿ.

ಇನ್ನು ನಿನ್ನೆಯ ವಿಷಯ. ಇದನ್ನು ಪೂರ್ತಿ ಬರೆಯುತ್ತೇನೆ, ಏಕೆಂದರೆ ನಿಮ್ಮ ದಾಖಲೆಯಲ್ಲಿ ಇದು "ಸ್ಥಳ ಪರಿಶೀಲನೆ" ಎಂಬ ಎರಡೇ ಪದಗಳಲ್ಲಿ ಮುಗಿದಿರುತ್ತದೆ.

20ನೇ ತಾರೀಕು ಎಂದರೆ ಜಿಎಸ್‌ಟಿ 3ಬಿ ಎಂಬ ಮಾಸಿಕ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ. ತಿಂಗಳಲ್ಲಿ ನನ್ನ ಕಚೇರಿ ಅತಿ ಹೆಚ್ಚು ತುಂಬಿರುವುದು ಅಂದೇ. ಬೇರೆ ಯಾವ ದಿನ ಬೇಕಾದರೂ ಬನ್ನಿ ಎಂದು ನಾಲ್ಕು ಸಲ ಹೇಳಿದ್ದರೂ ನಿಮ್ಮ ತಂತ್ರಜ್ಞರು ಮಧ್ಯಾಹ್ನ 3 ಗಂಟೆಗೆ ಅಂದೇ ಬಂದರು. ಮಂಡಿಪೇಟೆಯ ಬಟ್ಟೆ ಅಂಗಡಿಯ ಸಾಹುಕಾರರು, ಒಬ್ಬ ಅಕ್ಕಿ ಗಿರಣಿಯವರು, ಹರಿಹರದಿಂದ ಬಂದಿದ್ದ ಇಬ್ಬರು ಗುತ್ತಿಗೆದಾರರು ನನ್ನ ಎದುರಿಗೆ ಕುಳಿತಿದ್ದರು.

ತಂತ್ರಜ್ಞರು ಚಪ್ಪಲಿ ಬಿಡದೆ ನೇರವಾಗಿ ಒಳಗೆ ಬಂದು, ಯಂತ್ರ ನೋಡಿ, "ಇದನ್ನು ಹಾಕಿದವರು ಯಾರು?" ಎಂದರು.

"ನಾನು" ಎಂದೆ.

ಅವರು ನನ್ನನ್ನು ನೋಡಲಿಲ್ಲ. ಜೊತೆಗಿದ್ದ ಹುಡುಗನನ್ನು ನೋಡಿದರು. "ಅದಲ್ಲ ಮೇಡಂ, ಕಂಪ್ಯೂಟರ್‌ನವರು ಯಾರು? ಅವರಿಗೆ ಫೋನ್ ಮಾಡಿ ಕೊಡಿ."

"ಕಂಪ್ಯೂಟರ್‌ನವಳೂ ನಾನೇ. ಏನು ಕೇಳಬೇಕೋ ನನ್ನನ್ನೇ ಕೇಳಿ."

"ಯಜಮಾನರು ಇಲ್ಲವೇ?"

ಇದನ್ನು ಅವರು ಗಟ್ಟಿಯಾಗಿಯೇ ಕೇಳಿದರು. ಎದುರಿಗಿದ್ದ ನಾಲ್ವರೂ ತಲೆಯೆತ್ತಿದರು. ನನ್ನ ಯಜಮಾನರು ತೀರಿಕೊಂಡು ಏಳು ವರ್ಷವಾಯಿತು. ಅದು ಮಂಡಿಪೇಟೆಯ ಸಾಹುಕಾರರಿಗೆ ಗೊತ್ತು. ಅವರು ಕೈಯಲ್ಲಿದ್ದ ಬಿಲ್ಲುಗಳ ಕಟ್ಟನ್ನು ನೋಡುತ್ತ ಕುಳಿತರು. ನಾನು ಉತ್ತರ ಕೊಡಲಿಲ್ಲ. ನಾನು ಪ್ರಿಂಟ್ ತೆಗೆದಿಟ್ಟಿದ್ದ ಟಿಸಿಪಿಡಂಪ್ ಹಾಳೆಗಳನ್ನು ಮುಂದೆ ಹಿಡಿದು, 100.71 ಎಂಬಲ್ಲಿ ಕೆಂಪು ಗೆರೆ ಎಳೆದದ್ದನ್ನು ತೋರಿಸಿದೆ. ಅವರು ಹಾಳೆಗಳನ್ನು ತೆಗೆದುಕೊಂಡು, ಓದದೆ, ನಮ್ಮ ಹುಡುಗಿಯ ಮೇಜಿನ ಮೇಲೆ ಇಟ್ಟರು. ಅವುಗಳ ಮೇಲೆ ತಮ್ಮ ಸ್ಕ್ರೂಡ್ರೈವರ್ ಇಟ್ಟರು.

"ನೋಡಿ ಆಂಟಿ, ಎರಡು ಕಂಪನಿಯ ನೆಟ್ ತಂದು ಒಂದೇ ಡಬ್ಬಕ್ಕೆ ಚುಚ್ಚಿದ್ದೀರಿ. ಎರಡು ದೋಣಿಯ ಮೇಲೆ ಕಾಲಿಟ್ಟವರ ಗತಿ ಏನಾಗುತ್ತದೆ?" ಎಂದರು. ಹರಿಹರದವರಲ್ಲಿ ಒಬ್ಬರು ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಂತ್ರಜ್ಞರೇ ಹೇಳಿದ ಮೇಲೆ ನಿಜವಿರಬೇಕು ಎಂದುಕೊಂಡರು. ನಾನು ತಿಂಗಳಿಗೆ ಇಷ್ಟು ಎಂದು ಶುಲ್ಕ ತೆಗೆದುಕೊಂಡು ಸಲಹೆ ಕೊಡುವ ಜನರ ಮುಂದೆ, ನನ್ನದೇ ಕುರ್ಚಿಯ ಪಕ್ಕದಲ್ಲಿ, ಏನೂ ತಿಳಿಯದವಳಂತೆ ನಿಂತಿದ್ದೆ.

ಆಮೇಲೆ ಅವರು ಒಂದು ಮಾತೂ ಕೇಳದೆ ಎರಡನೆಯ ಸಂಪರ್ಕದ ಕೇಬಲ್ ಅನ್ನು ಎಳೆದರು. ಆ ಕ್ಷಣ ಅಕ್ಕಿ ಗಿರಣಿಯವರ 3ಬಿ ವಿವರ ಒಟಿಪಿ ಹಾಕುವ ಹಂತದಲ್ಲಿತ್ತು. "ಅಕ್ಕಾ!" ಎಂದು ನಮ್ಮ ಹುಡುಗಿ ಕೂಗಿದಳು. ತಂತ್ರಜ್ಞರು "ಎರಡು ನಿಮಿಷ" ಎಂದರು. ಇಪ್ಪತ್ತೈದು ನಿಮಿಷವಾಯಿತು.

ನನ್ನ ಯಂತ್ರವನ್ನು ಬಿಚ್ಚಿ, ನಿಮ್ಮ ಮೋಡೆಮ್‌ಗೆ ತಮ್ಮ ಲ್ಯಾಪ್‌ಟಾಪ್ ಜೋಡಿಸಿದರು. ವಿಂಡೋಸ್ ಇದ್ದ ಲ್ಯಾಪ್‌ಟಾಪ್. ನನ್ನ ಬಳಕೆದಾರ ಹೆಸರು, ಗುಪ್ತಪದ ಹಾಕಿ ಪಿಪಿಪಿಒಇ ಸಂಪರ್ಕ ಪಡೆದರು. ನಾನು ಅವರ ಹೆಗಲ ಹಿಂದೆ ನಿಂತಿದ್ದೆ. ಲಿನಕ್ಸ್ ಇಲ್ಲ, ಎರಡನೆಯ ಸಂಪರ್ಕ ಇಲ್ಲ, ನಾನು ಬರೆದ ಒಂದು ಸಾಲೂ ಇಲ್ಲ. ಆದರೂ ಸಿಕ್ಕ ವಿಳಾಸ 100.71 ಎಂದೇ ಶುರುವಾಯಿತು.

"ಇದನ್ನು ಓದಿ ಹೇಳಿ" ಎಂದೆ.

ಅವರು ಓದಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದರು. "ಸರ್ವರ್ ಕಡೆಯ ವಿಷಯ ನಮಗೆ ಬರುವುದಿಲ್ಲ, ಮೇಲಿನವರಿಗೆ ಹೇಳುತ್ತೇನೆ. ಪರೀಕ್ಷೆಗೆ ನಿಮ್ಮ ಮೊಬೈಲ್‌ಗೆ ಒಂದು ಒಟಿಪಿ ಬರುತ್ತದೆ, ಕೊಡಿ" ಎಂದರು. ಕೊಟ್ಟೆ. ಮೇಲಿನವರಿಗೆ ಹೇಳುತ್ತಾರೆ ಎಂದು ನಂಬಿ ಕೊಟ್ಟೆ. ಅದು ದೂರನ್ನು ಮುಚ್ಚುವ ಒಟಿಪಿ ಎಂದು ಸಂಜೆ 6 ಗಂಟೆ 42 ನಿಮಿಷಕ್ಕೆ ತಿಳಿಯಿತು. ದಿನವೂ "ಒಟಿಪಿ ಯಾರಿಗೂ ಕೊಡಬೇಡಿ" ಎಂದು ಗ್ರಾಹಕರಿಗೆ ಹೇಳುವವಳು ನಾನು. ಸುಳ್ಳು ಹೇಳಿ ಒಟಿಪಿ ಪಡೆಯುವುದನ್ನು ಬೇರೆಯವರು ಮಾಡಿದರೆ ಅದಕ್ಕೆ ಏನೆಂದು ಹೆಸರು? ನಿಮ್ಮ ಗುರುತಿನ ಚೀಟಿ ಕೊರಳಲ್ಲಿದ್ದರೆ ಹೆಸರು ಬದಲಾಗುತ್ತದೆಯೇ?

ಅಕ್ಕಿ ಗಿರಣಿಯವರ ವಿವರ ರಾತ್ರಿ 11ರ ನಂತರ ಸಲ್ಲಿಕೆಯಾಯಿತು. ತಪ್ಪಿದ್ದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ತೆರಿಗೆಯ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ, ಅವರ ಮುಂದೆ ನನ್ನ ಮುಖ. ಚಿತ್ರದುರ್ಗದ ಹುಡುಗ 11ನೇ ತಾರೀಕಿಗೂ 20ನೇ ತಾರೀಕಿಗೂ ಪೆನ್‌ಡ್ರೈವ್ ಹಿಡಿದು ಬಸ್‌ನಲ್ಲಿ ಓಡಾಡಿದ್ದಾನೆ. ಎರಡನೆಯ ಸಂಪರ್ಕದಲ್ಲಿ ಸುರಂಗ ನಡೆಸಬಹುದಿತ್ತಲ್ಲ ಎಂದು ನಿಮ್ಮ ಶಾಖೆಯಲ್ಲಿ ಒಬ್ಬರು ಕೇಳಿದ್ದರು. ಆ ಇನ್ನೊಂದು ಕಂಪನಿಯವರು ಸ್ಟ್ಯಾಟಿಕ್ ಐಪಿ ಕೊಡುತ್ತೇವೆ ಎಂದು ಹೇಳಿಲ್ಲ, ಅದಕ್ಕೆ ಹಣವನ್ನೂ ತೆಗೆದುಕೊಂಡಿಲ್ಲ. ಹೇಳಿದವರೂ ತೆಗೆದುಕೊಂಡವರೂ ನೀವು.

ನನ್ನ ಸ್ಟ್ಯಾಟಿಕ್ ವಿಳಾಸ ಮೂರು ದಿನಗಳೊಳಗೆ ನನ್ನ ಸಂಪರ್ಕಕ್ಕೆ ಮರಳಬೇಕು. ಮುಚ್ಚಿದ ದೂರನ್ನು ತೆರೆದು, "ಗ್ರಾಹಕರ ಉಪಕರಣದ ದೋಷ" ಎಂಬುದನ್ನು ಅಳಿಸಿ, ನಿಜವಾದ ಕಾರಣ ಬರೆದು ನನಗೆ ಲಿಖಿತವಾಗಿ ಕೊಡಬೇಕು. ಆ ತಂತ್ರಜ್ಞರು ನನ್ನ ಕಚೇರಿಗೆ ಬಂದು ಕ್ಷಮೆ ಕೇಳಬೇಕೆಂದು ಮೊದಲು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಆ ಮನುಷ್ಯನನ್ನು ನನ್ನ ಹೊಸ್ತಿಲ ಒಳಗೆ ಮತ್ತೆ ಬಿಡುವುದಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ನಿಯಮಾವಳಿಯ ಪ್ರಕಾರ ನಿಮ್ಮ ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗಲು ನನಗೆ 30 ದಿನಗಳಿವೆ, ತೀರ್ಮಾನ ಕೊಡಲು ಅವರಿಗೆ 39 ದಿನಗಳಿವೆ. ಅಷ್ಟು ದಿನ ಕಾಯುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾನು ಕೆಲಸ ಮಾಡುವ ಊರಿನಲ್ಲೇ, ಎಂದರೆ ದಾವಣಗೆರೆ ಜಿಲ್ಲಾ ಆಯೋಗದಲ್ಲೇ, ದೂರು ಕೊಡಬಹುದು. ನೀವು ಬೆಂಗಳೂರಿನಿಂದ ಬರಬೇಕಾಗುತ್ತದೆ, ನಾನು ಆಟೋದಲ್ಲಿ ಬರುತ್ತೇನೆ. ವಕೀಲರನ್ನು ಇಟ್ಟುಕೊಳ್ಳುವುದಿಲ್ಲ, 22 ವರ್ಷಗಳಿಂದ ತೆರಿಗೆ ಅಧಿಕಾರಿಗಳ ನೋಟಿಸುಗಳಿಗೆ ಉತ್ತರ ಬರೆದ ಕೈ ಇದು. ಎರಡೂ ಊರುಗಳ ಟಿಸಿಪಿಡಂಪ್ ಕಡತಗಳು, 3ನೇ ತಾರೀಕಿನಿಂದ ಪ್ರತಿ ಗಂಟೆಗೊಮ್ಮೆ ಯಂತ್ರ ತಾನೇ ಬರೆದಿಟ್ಟ ಐಪಿ ವಿಳಾಸಗಳ ಪಟ್ಟಿ, ನಿಮ್ಮ ರಸೀದಿ, ನಿಮ್ಮ ಸಂದೇಶ ಎಲ್ಲವೂ ಇದರ ಜೊತೆಗಿವೆ. ಮಂಡಿಪೇಟೆಯ ಸಾಹುಕಾರರು ಸಾಕ್ಷಿ ಹೇಳಲು ಬರುತ್ತೇನೆ ಎಂದಿದ್ದಾರೆ, ನಾನು ಕೇಳುವ ಮೊದಲೇ.

ಆಯೋಗದ ಮುಂದೆ ನಿಮ್ಮ ಕಡೆಯಿಂದ ಯಾರೇ ಬರಲಿ, ನಾನು ಕೇಳುವ ಮೊದಲ ಪ್ರಶ್ನೆ ಆ ವಿಳಾಸ ಯಾರ ಬಳಿ ಇದೆ ಎಂಬುದೇ. ಉತ್ತರ ಇಟ್ಟುಕೊಂಡು ಬನ್ನಿ.

ಇಂತಿ,
ತೆರಿಗೆ ಸಲಹೆಗಾರ್ತಿ
ಪಿ.ಜೆ. ಬಡಾವಣೆ, ದಾವಣಗೆರೆ