ಹೋಂವರ್ಕ್ ಕೊಡುವ ಡಾಕ್ಟ್ರು

ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಈ ಸಲದ ಸಂಪಾದಕೀಯವನ್ನು ಊರಿಗೆ ಬಂದು, ಉಡುಪಿಯಲ್ಲಿ, ಅಮ್ಮನ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಗಂಟೆ ಹನ್ನೊಂದೂವರೆ. ಪತ್ರಿಕೆ ಬೆಳಗ್ಗೆ ಹೋಗಲೇಬೇಕು. ಗಣೇಶನ ಹಬ್ಬದ ಬಗ್ಗೆ ಬರೆಯೋಣ ಅಂತಿದ್ದೆ, ಆದರೆ ಮೊನ್ನೆ ಅಷ್ಟಮಿಯ ದಿನ ಮಗ ಆಡಿದ ಮಾತು ಬಿಟ್ಟು ಬೇರೇನೂ ತಲೆಗೆ ಬರುತ್ತಿಲ್ಲ.

ಅಮ್ಮ ಚಕ್ಕುಲಿ ಒತ್ತುತ್ತಿದ್ದರು, ದೊಡ್ಡಮ್ಮ ಬಾಣಲೆ ಎದುರು, ಅತ್ತಿಗೆ ಉಂಡೆ ಕಟ್ಟುತ್ತಿದ್ದರು. ಅಮ್ಮ ಸುಮ್ನೆ ಮಾತಿಗೆ ಅಂದರು, "ಇವರು ಹೋದ ಮೇಲೆ ಮೂರು ಗಂಟೆಗೇ ಎಚ್ಚರ ಆಗ್ತದೆ. ಮತ್ತೆ ನಿದ್ದೆ ಇಲ್ಲ." ಹಿಟ್ಟಿನ ಉಂಡೆ ಹಿಡಿದು ಆಡುತ್ತಿದ್ದ ನನ್ನ ಎಂಟು ವರ್ಷದ ಮಗ ತಲೆ ಎತ್ತಿ ಕೇಳಿದ: "ಅಜ್ಜಿ, ನಿಂಗೂ ಹೋಂವರ್ಕ್ ಕೊಡುವ ಡಾಕ್ಟ್ರು ಬೇಕಾ? ಅಮ್ಮಂಗೆ ಇದ್ರು. ಆಮೇಲೆ ಅಮ್ಮ ರಾತ್ರಿ ಎದ್ದು ಫೋನ್ ನೋಡೂದು ಬಿಟ್ರು."

ಎಣ್ಣೆಯ ಸದ್ದು ಬಿಟ್ಟರೆ ಅಡುಗೆಮನೆ ಪೂರ್ತಿ ಮೌನ. ದೊಡ್ಡಮ್ಮ ಜಾಲರಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಿಂಗೆ ಎಂತ ಆಗಿತ್ತು ಮಾರಾಯ್ತಿ?"

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹೋದ ವರ್ಷ ನವೆಂಬರಿನಲ್ಲಿ ಅಪ್ಪ ತೀರಿಕೊಂಡರು. ಫೋನ್ ಬಂದದ್ದು ಇಂಗ್ಲೆಂಡಿನ ರಾತ್ರಿ ಎರಡೂ ನಲವತ್ತಕ್ಕೆ. ಅಲ್ಲಿಂದ ಮುಂದೆ ಯಾವ ಫೋನ್ ರಿಂಗಾದರೂ ಎದೆ ಡವಡವ, ಕೈ ತಣ್ಣಗೆ. ಫೋನನ್ನು ಸೈಲೆಂಟಿಗೆ ಹಾಕಿದೆ. ಸೈಲೆಂಟಿಗೆ ಹಾಕಿದರೆ ಇನ್ನೊಂದು ಭಯ, ಅಮ್ಮನಿಗೆ ಏನಾದರೂ ಆಗಿ ನನಗೆ ಗೊತ್ತಾಗದಿದ್ದರೆ? ಹಾಗಾಗಿ ಜಗಲಿಯ ಸಿಸಿಟಿವಿಯನ್ನು ಮೊಬೈಲಿನಲ್ಲಿ ನೋಡತೊಡಗಿದೆ. ನಮ್ಮಲ್ಲಿ ಎಷ್ಟು ಜನರ ಮೊಬೈಲಿನಲ್ಲಿ ಊರ ಮನೆಯ ಕ್ಯಾಮೆರಾ ಇದೆ ಅಂತ ನನಗೆ ಗೊತ್ತು. ನಾನು ಆಫೀಸಿನ ಮೀಟಿಂಗ್ ಮಧ್ಯೆ ನೋಡುತ್ತಿದ್ದೆ, ಸಿಗ್ನಲ್ಲಿನಲ್ಲಿ ನೋಡುತ್ತಿದ್ದೆ, ರಾತ್ರಿ ಎದ್ದೆದ್ದು ಖಾಲಿ ಕುರ್ಚಿಯನ್ನು ನೋಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ನಮ್ಮೂರಲ್ಲಿ ಇದಕ್ಕೆ ಮಂಡೆಬಿಸಿ ಅಂತೇವೆ. ಮಂಡೆಬಿಸಿ ಎಲ್ಲರಿಗೂ ಇರುತ್ತದೆ ಅಂತ ನಾಲ್ಕು ತಿಂಗಳು ತಳ್ಳಿದೆ.

ಕೊನೆಗೆ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ನಾನೇ ಅರ್ಜಿ ಹಾಕಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್ 2008ರಲ್ಲಿ ಬೇರೆ ಹೆಸರಿನಲ್ಲಿ ಶುರು ಮಾಡಿದ ಮಾತಿನ ಚಿಕಿತ್ಸೆಯ ಸೇವೆ ಇದು, 2023ರಿಂದ ಈ ಹೆಸರು. ಖಿನ್ನತೆ, ಆತಂಕ ಎರಡಕ್ಕೂ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಚಿಕಿತ್ಸೆ, ಇದರಲ್ಲಿ ಉಚಿತವಾಗಿ ಸಿಗುತ್ತದೆ. ನನ್ನ ಮಗ ಡಾಕ್ಟ್ರು ಅಂದದ್ದು ಒಬ್ಬ ಥೆರಪಿಸ್ಟ್‌ಗೆ. ಮಾತ್ರೆ ಬರೆಯುವವರಲ್ಲ. ವಾರಕ್ಕೊಮ್ಮೆ ವಿಡಿಯೊದಲ್ಲಿ ಮಾತು, ವಾರವಿಡೀ ಮನೆಗೆಲಸ. ಮೊದಲ ವಾರದ ಹೋಂವರ್ಕ್, ಕ್ಯಾಮೆರಾ ನೋಡಿದಾಗಲೆಲ್ಲ ಪುಸ್ತಕದಲ್ಲಿ ಗೆರೆ ಹಾಕುವುದು, ಆಗ ಮನಸ್ಸಿಗೆ ಬಂದ ಮಾತನ್ನು ಬಂದ ಹಾಗೇ ಬರೆಯುವುದು. ಒಂದೇ ದಿನಕ್ಕೆ ನಲವತ್ತೊಂದು ಗೆರೆ. ಮಾತುಗಳೆಲ್ಲ ಕನ್ನಡದಲ್ಲೇ ಬಂದಿದ್ದವು, ಹಾಗಾಗಿ ಕನ್ನಡದಲ್ಲೇ ಬರೆದೆ: "ನಾನು ನೋಡದಿದ್ದರೆ ಏನೋ ಆಗಿಬಿಡ್ತದೆ." ಅವರು ಅದನ್ನು ನಿಧಾನಕ್ಕೆ ಇಂಗ್ಲಿಷಿಗೆ ಮಾಡಿಸಿಕೊಂಡು ಕೇಳಿದರು, ನೀವು ನೋಡಿದ್ದರಿಂದ ಇಲ್ಲಿಯವರೆಗೆ ಏನು ತಪ್ಪಿತು?

ಏನೂ ಇಲ್ಲ. ಒಂದೊಂದು ಸಲ ನೋಡಿದಾಗಲೂ ಐದು ನಿಮಿಷ ಸಮಾಧಾನ ಸಿಗುತ್ತಿತ್ತು. ಆ ಸಮಾಧಾನವೇ ಮನಸ್ಸಿಗೆ, ನೋಡಿದ್ದಕ್ಕೇ ಎಲ್ಲ ಸರಿ ಇದೆ ಅಂತ ಕಲಿಸುತ್ತಿತ್ತು. ಆಮೇಲೆ ಇನ್ನೂ ಜಾಸ್ತಿ ನೋಡಬೇಕು ಅನ್ನಿಸುತ್ತಿತ್ತು. ನಾನು ಸಿಕ್ಕಿಬಿದ್ದದ್ದು ಈ ಸುತ್ತಿನಲ್ಲಿ.

ಮೂರನೇ ವಾರ ಅವರು, ಹೆದರಿಕೆಗೆ ಸಣ್ಣ ಸಣ್ಣ ಮೆಟ್ಟಿಲು ಮಾಡೋಣ ಅಂದಾಗ ನನಗೆ ಹುಲಿವೇಷ ನೆನಪಾಯಿತು.

ಆಗ ನನಗೆ ಆರು ವರ್ಷ. ಹುಲಿವೇಷದವರು ಕುಣಿಯುವ ವಿಟ್ಲಪಿಂಡಿಗೆ, ಅಂದರೆ ಅಷ್ಟಮಿಯ ಮರುದಿನದ ಹಬ್ಬಕ್ಕೆ, ಇನ್ನೂ ಎರಡು ದಿನ ಇರುವಾಗಲೇ ಎಲ್ಲೋ ತಾಸೆಯ ಬಡಿತ ಕೇಳಿದರೆ ಅಟ್ಟ ಹತ್ತಿ ಅಕ್ಕಿ ಮುಡಿಗಳ ಹಿಂದೆ ಕೂರುತ್ತಿದ್ದೆ. ಅಟ್ಟದಲ್ಲಿ ಹುಲ್ಲಿನ ವಾಸನೆ, ಕತ್ತಲು, ಕೆಳಗೆ ಅಣ್ಣಂದಿರ ನಗು. ಅಪ್ಪ ನಗಲಿಲ್ಲ, ಎಳೆದು ತರಲೂ ಇಲ್ಲ. ಮೊದಲ ತಂಡ ಬಂದಾಗ ಅಟ್ಟದ ಏಣಿಯ ಹತ್ತಿರ ಬಂದು ನಿಂತರು, ಅಷ್ಟೇ. ಎರಡನೇ ತಂಡಕ್ಕೆ ನನ್ನನ್ನು ಎತ್ತಿಕೊಂಡು ಕಿಟಕಿಯ ಸರಳಿನ ಹಿಂದೆ ನಿಂತರು. ಸಂಜೆ, "ಬಾ, ಒಂದು ಕಡೆ ಹೋಗಿ ಬರುವ" ಅಂತ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದರು. ಒಂದು ಹಿತ್ತಿಲಿನ ಚಪ್ಪರದಲ್ಲಿ ಬಣ್ಣ ಬಳಿಯುತ್ತಿದ್ದರು. ನಮ್ಮ ಮನೆಗೆ ಹಾಲು ತರುವ ಹುಡುಗ ಕೈ ಅಗಲಿಸಿ, ಅಡ್ಡಕ್ಕೆ ಒಂದು ಕೋಲು ಹಿಡಿದು ನಿಂತಿದ್ದ. ಎದೆ ಹೊಟ್ಟೆ ಆಗಲೇ ಹಳದಿ, ಬೆನ್ನು ಇನ್ನೂ ಬರೀ ಬೆನ್ನು. ಮೂಗಿಗೆ ಹೊಡೆಯುವ ಬಣ್ಣದ ವಾಸನೆ. ಒಬ್ಬರು ಕೂತುಕೊಂಡು ಅವನ ತೊಡೆ ಮೇಲೆ ಕಪ್ಪು ಪಟ್ಟೆ ಎಳೆಯುತ್ತಿದ್ದರು, ಅವನಿಗೆ ಕಚಗುಳಿಯಾಗಿ ನಗು ತಡೆಯಲಿಕ್ಕಾಗುತ್ತಿರಲಿಲ್ಲ. "ಎಂತ ಪುಟ್ಟಿ, ನಾಳೆ ನಿಮ್ಮಲ್ಲಿಗೇ ಬರೂದು" ಅಂದ. ಮರುದಿನ ತಾಸೆ ಗೇಟಿನೊಳಗೆ ಬಂದಾಗ ನಾನು ಜಗಲಿಯಲ್ಲೇ ಇದ್ದೆ, ಅಪ್ಪನ ಪಂಚೆ ಹಿಡಿದುಕೊಂಡು. ಅಪ್ಪ ಒಂದು ನೋಟು ನನ್ನ ಕೈಗೆ ಕೊಟ್ಟರು. ಅದನ್ನು ಅಂಗಳದಲ್ಲಿ ಇಟ್ಟೆ, ಹುಲಿ ಹಿಂದಕ್ಕೆ ಬಾಗಿ ಬಾಯಿಂದ ಎತ್ತಿಕೊಂಡಿತು. ಮೈ ಇಡೀ ನಡುಗುತ್ತಿತ್ತು. ಅಟ್ಟಕ್ಕೆ ಮಾತ್ರ ಓಡಲಿಲ್ಲ.

ಈ ಕಥೆ ಹೇಳುತ್ತಾ ವಿಡಿಯೊ ಎದುರೇ ಅತ್ತುಬಿಟ್ಟೆ. ಅಪ್ಪ ಹೋದ ಮೇಲೆ ಅಷ್ಟು ಅತ್ತದ್ದು ಅದೇ ಮೊದಲು. ಥೆರಪಿಸ್ಟ್ ಅಂದರು, ನಿಮ್ಮ ಅಪ್ಪ ಮಾಡಿದ್ದನ್ನೇ ನಾವೂ ಮಾಡುವುದು. ದಿನಕ್ಕೆ ಇಪ್ಪತ್ತು ಸಲ ಮಾತ್ರ ಕ್ಯಾಮೆರಾ, ಆಮೇಲೆ ಹತ್ತು, ಆಮೇಲೆ ಎರಡು. ಹಗಲು ರಿಂಗರ್ ಹಾಕುವುದು, ಆಮೇಲೆ ರಾತ್ರಿಯೂ. ಹನ್ನೆರಡು ವಾರ ಹಿಡಿಯಿತು.

ನಿಮಗೆ ಬೇಕಾದ ಮಾತು ಇಷ್ಟು, ದಯವಿಟ್ಟು ಓದಿ. ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ನಿಮ್ಮ ಪ್ರದೇಶದ ಸಾಮಾನ್ಯ ಡಾಕ್ಟ್ರ ಬಳಿ ಹೆಸರು ನೋಂದಾಯಿಸಿದ್ದರೆ ಸಾಕು, ಜಿಪಿ ಚೀಟಿ ಬೇಡ. ಎನ್‌ಎಚ್‌ಎಸ್ ಜಾಲತಾಣದಲ್ಲಿ ನಿಮ್ಮ ಪ್ರದೇಶದ ಸೇವೆ ಹುಡುಕಿ ನೀವೇ ಅರ್ಜಿ ತುಂಬಬಹುದು. ವೀಸಾ ಹಣದ ಜೊತೆ ಹೆಲ್ತ್ ಸರ್ಚಾರ್ಜ್ ಕಟ್ಟಿದವರಿಗೂ ಇದು ಸಿಗುತ್ತದೆ. ಆಫೀಸಿಗೆ ಅವರು ಹೇಳುವುದಿಲ್ಲ. ಮೊದಲು ಎರಡು ಪ್ರಶ್ನೆಪಟ್ಟಿ ಕೊಡುತ್ತಾರೆ, ಖಿನ್ನತೆಗೆ ಒಂಬತ್ತು ಪ್ರಶ್ನೆ, ಆತಂಕಕ್ಕೆ ಏಳು, ಕಳೆದ ಎರಡು ವಾರ ಹೇಗಿದ್ದಿರಿ ಅಂತ. ಚೆನ್ನಾಗಿದ್ದೇನೆ ಅಂತ ತೋರಿಸಿಕೊಳ್ಳಬೇಡಿ, ಇದ್ದದ್ದು ಇದ್ದ ಹಾಗೆ ತುಂಬಿ. ಕೆಲವರಿಗೆ ಮೊದಲು ಪುಸ್ತಕ ಅಥವಾ ಕಂಪ್ಯೂಟರ್ ಮೂಲಕ ಮಾಡುವ ಸಣ್ಣ ಕೋರ್ಸ್ ಕೊಡುತ್ತಾರೆ, ಕೆಲವರಿಗೆ ನೇರ ಸಿಬಿಟಿ, ಸಾಮಾನ್ಯವಾಗಿ 6ರಿಂದ 20 ಸಲ. ಕಾಯಬೇಕಾಗುತ್ತದೆ, ಅದಕ್ಕೇ ತೀರಾ ಕುಸಿಯುವ ಮೊದಲೇ ಹಾಕಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಕೇಳಬಹುದು, ಅದಕ್ಕೂ ದುಡ್ಡಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿರುವವರು ಜಿಪಿಯನ್ನೇ ಕೇಳಿ, ಅಲ್ಲಿ ವ್ಯವಸ್ಥೆ ಬೇರೆ. ಬದುಕೇ ಬೇಡ ಅನ್ನಿಸುತ್ತಿದ್ದರೆ ಅರ್ಜಿ ಹಾಕಿ ಕಾಯಬೇಡಿ. 111ಕ್ಕೆ ಮಾಡಿ 2 ಒತ್ತಿ, ಪ್ರಾಣಕ್ಕೆ ಅಪಾಯವಿದ್ದರೆ 999. ಸುಮ್ನೆ ಯಾರಾದರೂ ಕೇಳಿಸಿಕೊಳ್ಳಲಿ ಅನ್ನಿಸಿದರೆ ಸಮಾರಿಟನ್ಸ್, 116 123, ಹಗಲು ರಾತ್ರಿ ಉಚಿತ.

ಊರಲ್ಲಿರುವ ಅಪ್ಪ ಅಮ್ಮಂದಿರಿಗೆ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದು ಇಂಗ್ಲೆಂಡಿನ ಹಾಗೆ ವಾರವಾರದ ಸಿಬಿಟಿ ಅಲ್ಲ, ಫೋನಿನಲ್ಲಿ ಆಪ್ತ ಸಲಹೆ ಕೊಡುತ್ತಾರೆ, ಬೇಕಾದರೆ ಮುಂದಿನ ಚಿಕಿತ್ಸೆಗೆ ದಾರಿ ತೋರಿಸುತ್ತಾರೆ. ನಿನ್ನೆ ಮಧ್ಯಾಹ್ನ ಅಮ್ಮ ತಾವಾಗಿ ಕೇಳಿದರು, "ಆ ನಂಬರ್ ಒತ್ತಿ ಕೊಡು." ದೇವರ ಕೋಣೆಯ ಬಾಗಿಲು ಹಾಕಿಕೊಂಡು ಇಪ್ಪತ್ತು ನಿಮಿಷ ಮಾತಾಡಿದರು. ಏನು ಅಂತ ನಾನು ಕೇಳಲಿಲ್ಲ. ಹೊರಗೆ ಬಂದು ಕಾಫಿ ಕುಡಿದರು.

ಇನ್ನು ಸೂಚನೆಗಳು, ಬೇಗ ಬೇಗ. ಗಣೇಶನ ಹಬ್ಬಕ್ಕೆ ಹಾಲ್ ಕಳೆದ ವರ್ಷದ್ದೇ, ಊಟಕ್ಕೆ ಹೆಸರು ಕೊಡದವರು ಈ ಭಾನುವಾರದೊಳಗೆ ಕೊಡಿ, ಕಡುಬಿಗೆ ಬಾಳೆಲೆ ತರುವವರು ಇನ್ನೂ ಸಿಕ್ಕಿಲ್ಲ. ಮಕ್ಕಳ ಕನ್ನಡ ತರಗತಿ ಶಾಲೆ ಶುರುವಾದ ಮೊದಲ ಶನಿವಾರದಿಂದ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಹಾಡು, ನಾಟಕದ ಹೆಸರು ಈಗಲೇ ಬೇಕು. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಕಟ್ಟಿ.

ಇನ್ನೊಂದು. ಥೆರಪಿಗೆ ಅರ್ಜಿ ತುಂಬುವವರ ಪಕ್ಕದಲ್ಲಿ ಕೂರಲು ನನ್ನ ಜೊತೆಗೆ ಇನ್ನೂ ಮೂರ್ನಾಲ್ಕು ಜನ ಬೇಕು, ಅದರಲ್ಲೂ ತುಳು, ಕೊಂಕಣಿ, ಬ್ಯಾರಿ ಬರುವವರು. ಚಿಕಿತ್ಸೆ ಕೊಡುವ ಕೆಲಸ ಅಲ್ಲ, ಸುಮ್ನೆ ಜೊತೆಗಿರುವುದು, ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳದಿರುವುದು. ಈ ಪತ್ರಿಕೆಗೂ ಒಬ್ಬರು ಬೇಕು, ಮೂರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಈಗ ಆಗುತ್ತಿಲ್ಲ. ನನ್ನ ನಂಬರ್ ನಿಮ್ಮೆಲ್ಲರ ಬಳಿ ಇದೆ. ಎಷ್ಟು ಹೊತ್ತಾದರೂ ಮಾಡಿ, ಈಗ ರಿಂಗರ್ ಹಾಕಿಯೇ ಮಲಗುತ್ತೇನೆ.