ಒಪ್ಪಂದ ದೆಹಲಿಯಲ್ಲಿ ಆಯಿತು, ತಾರಿಹಾಳಕ್ಕೆ ಅದರ ಕಾಗದ ಯಾರು ತರುತ್ತಾರೆ?

ಮಾನ್ಯ ಸಂಪಾದಕರೇ,

ಎರಡು ದೇಶಗಳು ಒಬ್ಬರ ಮಾಲಿಗೆ ಇನ್ನೊಬ್ಬರು ಸುಂಕ ಇಳಿಸುವ ಮುಕ್ತ ವ್ಯಾಪಾರ ಒಪ್ಪಂದಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಸುದ್ದಿಯನ್ನು ನಾನು ತಪ್ಪದೆ ಓದುತ್ತೇನೆ. ಓದದಿದ್ದರೆ ನನಗೆ ನಡೆಯುವುದಿಲ್ಲ. ಹುಬ್ಬಳ್ಳಿಯ ತಾರಿಹಾಳದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ, ನಾಲ್ಕು ಲೇಥ್, ಒಂದು ಸಿಎನ್‌ಸಿ, ಹನ್ನೊಂದು ಜನ ಕೆಲಸಗಾರರು. ವಾಲ್ವ್‌ಗಳ ಬಿಡಿಭಾಗ ಮಾಡುತ್ತೇವೆ, ಅದರಲ್ಲಿ ಒಂದಿಷ್ಟು ದುಬೈಗೆ ಹೋಗುತ್ತದೆ. ಆದರೆ ಸುದ್ದಿ ಪ್ರತಿ ಸಲ ಒಂದೇ ಥರ. ಇಷ್ಟು ಸಾವಿರ ಕೋಟಿ ವ್ಯಾಪಾರ, ಇಬ್ಬರು ಮಂತ್ರಿಗಳು ಕೈಕುಲುಕುವ ಫೋಟೊ, ಉದ್ಯಮಕ್ಕೆ ದೊಡ್ಡ ಅವಕಾಶ. ಸರಿ, ಅವಕಾಶ ಇದೆ, ನಾನೇನು ಇಲ್ಲ ಅನ್ನುವುದಿಲ್ಲ. ಅದು ನನ್ನಂಥವನ ಕೈಗೆ ಬರಬೇಕಾದರೆ ಏನು ಮಾಡಬೇಕು ಅನ್ನೋದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಾನು ಅದನ್ನು ನಲವತ್ತೆರಡು ಸಾವಿರ ರೂಪಾಯಿ ಕಳೆದುಕೊಂಡು ಕಲಿತೆ. ಅದಕ್ಕೇ ಈ ಪತ್ರ.

ಮೊದಲು ನಮ್ಮ ಮಾಲು ಮುಂಬೈನ ಒಬ್ಬ ಸೇಠ್ ಮೂಲಕ ಹೋಗುತ್ತಿತ್ತು. ರೇಟು ಅವರು ಹೇಳಿದ್ದು, ಪೆಟ್ಟಿಗೆಯ ಮೇಲೆ ಹೆಸರು ಅವರದು, ದುಡ್ಡು ಎರಡು ತಿಂಗಳಿಗೆ ಬರುತ್ತಿತ್ತು. ಭಾರತ ಮತ್ತು ದುಬೈ ಇರುವ ಯುಎಇ ದೇಶದ ನಡುವಿನ ಒಪ್ಪಂದಕ್ಕೆ 2022ರ ಫೆಬ್ರುವರಿ 18ರಂದು ಸಹಿ ಬಿತ್ತು, ಮೇ 1ರಿಂದ ಜಾರಿಗೂ ಬಂತು. ನಮಗೆ ಏನೂ ಗೊತ್ತಾಗಲಿಲ್ಲ. ಆರ್ಡರ್ ಸ್ವಲ್ಪ ಜಾಸ್ತಿ ಆಯಿತು, ರೇಟು ಮಾತ್ರ ಅಲ್ಲೇ ನಿಂತಿತು. ಹೋದ ವರ್ಷ ಮುಂಬೈನ ಒಂದು ಪ್ರದರ್ಶನದಲ್ಲಿ ದುಬೈನ ಗಿರಾಕಿಯೊಬ್ಬ ಸಿಕ್ಕ. ಸೀದಾ ನಮ್ಮಿಂದಲೇ ತಗೋತೀನಿ ಅಂದ. ಮನೆಯಲ್ಲಿ ಹಬ್ಬ. ಪ್ಯಾನ್ ನಂಬರ್ ಹಾಕಿ, ಐನೂರು ರೂಪಾಯಿ ಕಟ್ಟಿ ಆನ್‌ಲೈನ್‌ನಲ್ಲೇ ಐಇಸಿ, ಅಂದರೆ ಆಮದು-ರಫ್ತಿಗೆ ಬೇಕಾದ ನಂಬರ್ ತೆಗೆದೆ, ಜಿಎಸ್‌ಟಿ ಕಟ್ಟದೆ ಮಾಲು ಕಳಿಸಲು ಎಲ್‌ಯುಟಿ ಮಾಡಿಸಿದೆ, ಎಲ್ಲ ಆಯಿತು ಅಂದುಕೊಂಡು ಎಂಟು ಲಕ್ಷ ನಲವತ್ತು ಸಾವಿರದ ಮೊದಲ ಕನ್‌ಸೈನ್‌ಮೆಂಟ್ ಲಾರಿಗೆ ಏರಿಸಿದೆ.

ಹದಿನೆಂಟು ದಿನಕ್ಕೆ ಗಿರಾಕಿಯ ಮೇಲ್ ಬಂತು. ಮಾಲು ಚೆನ್ನಾಗಿದೆ, ಆದರೆ ಇಲ್ಲಿ ಕಸ್ಟಮ್ಸ್‌ನಲ್ಲಿ ನೂರಕ್ಕೆ ಐದು ಸುಂಕ ಕಟ್ಟಿದೆ, ಅದನ್ನು ನಿಮ್ಮ ಬಿಲ್ಲಿನಲ್ಲಿ ಮುರಿದುಕೊಂಡಿದ್ದೇನೆ ಅಂತ. ನಾನು ಒಪ್ಪಂದ ಇದೆಯಲ್ಲ, ಸುಂಕ ಯಾಕೆ ಅಂತ ವಾದಕ್ಕೆ ಇಳಿದೆ. ಅವನು ಒಂದೇ ಸಾಲು ಬರೆದ: ಒಪ್ಪಂದದ ಸರ್ಟಿಫಿಕೇಟ್ ಎಲ್ಲಿ?

ಸರ್ಟಿಫಿಕೇಟ್ ಕಳಿಸಿದ್ದೆನಲ್ಲ! ಕಳಿಸಿದ್ದು ಹೌದು, ಆದರೆ ಬೇರೆಯದನ್ನು. ಸರ್ಟಿಫಿಕೇಟ್ ಆಫ್ ಒರಿಜಿನ್‌ನಲ್ಲಿ ಎರಡು ಜಾತಿ ಇವೆ ಅಂತ ಅವತ್ತಿನವರೆಗೆ ನನಗೆ ಗೊತ್ತೇ ಇರಲಿಲ್ಲ. ಒಂದು ಸಾದಾ, ಈ ಮಾಲು ಭಾರತದ್ದು ಅಂತಷ್ಟೇ ಹೇಳುತ್ತದೆ, ಅದನ್ನು ತೋರಿಸಿದರೆ ಒಂದು ಪೈಸೆ ಸುಂಕವೂ ಇಳಿಯುವುದಿಲ್ಲ. ಇನ್ನೊಂದು ಆಯಾ ಒಪ್ಪಂದಕ್ಕೇ ಅಂತ ಇರುವುದು, ಯಾವ ನಿಯಮದ ಪ್ರಕಾರ ಈ ಮಾಲು ಭಾರತದ್ದು ಅನ್ನೋದು ಅದರಲ್ಲಿ ಬರೆದಿರಬೇಕು. ಅದು ಇದ್ದರೆ ಮಾತ್ರ ರಿಯಾಯಿತಿ. ನಮ್ಮ ಕ್ಲಿಯರಿಂಗ್ ಏಜೆಂಟನನ್ನು ಕೇಳಿದರೆ ಅವನು ಚಹಾ ಕುಡಿಯುತ್ತ ಹೇಳಿದ, ‘ನೀವು ಕೇಳಲಿಲ್ಲಲ್ರೀ ಸಾಹೇಬ್ರ, ಕೇಳಿದ್ರ ಅದನ್ನೂ ಮಾಡಿಸ್ತಿದ್ದೆ.’ ತಡವಾಗಿಯೂ ತೆಗೆಸಬಹುದು ಅಂತ ಆಮೇಲೆ ಯಾರೋ ಹೇಳಿದರು, ಅಷ್ಟರಲ್ಲಿ ಗಿರಾಕಿ ಲೆಕ್ಕ ಮುಗಿಸಿದ್ದ. ಎರಡು ದೇಶಗಳು ಕೂತು ಇಡೀ ಒಪ್ಪಂದದ ಮಾತುಕತೆಯನ್ನು 88 ದಿನದಲ್ಲಿ ಮುಗಿಸಿದವಂತೆ. ಅದರೊಳಗಿನ ಒಂದು ಕಾಗದದ ಸುದ್ದಿ ತಾರಿಹಾಳಕ್ಕೆ ಬರಲು ಮೂರು ವರ್ಷ ಹಿಡಿಯಿತು.

ಐದು ಪರ್ಸೆಂಟ್ ಏನು ಮಹಾ ಅಂತ ಓದುವವರಿಗೆ ಅನಿಸಬಹುದು. ಬಿಡಿಭಾಗದ ಕೆಲಸದಲ್ಲಿ ಎಲ್ಲ ಕಳೆದು ನಮಗೆ ಉಳಿಯುವುದೇ ನೂರಕ್ಕೆ ಏಳೆಂಟು. ಅದರಲ್ಲಿ ಐದು ಹೋದರೆ ಏನು ಉಳಿಯಿತು, ನೀವೇ ನೋಡಿ. ಇನ್ನೊಂದು ಮಾತು. ಸುಂಕ ಕಟ್ಟುವವನು ಕೊಳ್ಳುವವನು, ನಾವಲ್ಲ. ಹಾಗಾಗಿ ಒಪ್ಪಂದದ ಲಾಭ ಸರ್ಕಾರದಿಂದ ನಮ್ಮ ಖಾತೆಗೆ ಬಂದು ಬೀಳುವ ಸಬ್ಸಿಡಿ ಥರ ಅಲ್ಲ. ನನ್ನ ಮಾಲು ಮತ್ತು ಚೀನಾದ ಮಾಲು ಒಂದೇ ರೇಟಿಗೆ ದುಬೈ ಬಂದರಿಗೆ ಬಂದರೆ, ಸರಿಯಾದ ಕಾಗದ ಇದ್ದ ನನ್ನ ಮಾಲು ಸುಂಕ ಇಲ್ಲದೆ ಹೊರಗೆ ಬರುತ್ತದೆ, ಅವರದಕ್ಕೆ ಐದು ಕಟ್ಟಬೇಕು. ಆ ಐದರಲ್ಲಿ ಎರಡು ಗಿರಾಕಿಗೆ ಬಿಟ್ಟು ಮೂರು ನಾನು ಇಟ್ಟುಕೊಳ್ಳಬಹುದು, ಅಥವಾ ಪೂರ್ತಿ ಬಿಟ್ಟು ದೊಡ್ಡ ಆರ್ಡರ್ ಹಿಡಿಯಬಹುದು. ಚೌಕಾಸಿಗೆ ಜಾಗ ಸಿಗುತ್ತದೆ, ಅಷ್ಟೇ. ಸಣ್ಣವನಿಗೆ ಅಷ್ಟು ಜಾಗ ಸಾಕು. ಆದರೆ ಮಾಲು ಸೇಠ್ ಹೆಸರಿನಲ್ಲಿ ಹೋದರೆ ಚೌಕಾಸಿ ಮಾಡುವವರು ಅವರೇ. ಅವರನ್ನು ಬೈಯುತ್ತಿಲ್ಲ, ಅವರಿಗೆ ಕಾಗದ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಈಗ ಆ ಕಾಗದ ತೆಗೆಯುವ ಕಥೆ. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ ಡಿಜಿಟಲ್ ಸಹಿ ಹಾಕಿ ಅರ್ಜಿ ಕೊಡಬೇಕು. ಅದು ಕಷ್ಟವಲ್ಲ, ನನ್ನ ಮಗಳು ಒಂದು ಸಂಜೆಯಲ್ಲಿ ಮಾಡಿ ಮುಗಿಸಿದಳು. ಕಷ್ಟ ಇರುವುದು ಲೆಕ್ಕದಲ್ಲಿ. ಹೊಲದಲ್ಲಿ ಬೆಳೆದ ಮಾಲಾದರೆ ಸುಲಭ, ಅದು ಇಲ್ಲಿಯದೇ. ನನ್ನ ವಾಲ್ವ್ ಬಿಡಿಭಾಗದಲ್ಲಿ ಎರಕ ಬೆಳಗಾವಿಯ ಫೌಂಡ್ರಿಯದು, ಟರ್ನಿಂಗ್ ನಮ್ಮಲ್ಲಿ, ರಬ್ಬರ್ ಸೀಲ್ ಚೀನಾದ್ದು. ಹಾಗಾದರೆ ಇದು ಭಾರತದ ಮಾಲೋ ಅಲ್ಲವೋ? ಒಂದೊಂದು ಸಾಮಾನಿಗೂ ಅದರ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸಾಮಾನಿನ ಜಾತಿಗೆ ಕೊಟ್ಟ ನಂಬರ್) ನೋಡಿ ನಿಯಮ ಹುಡುಕಬೇಕು. ಯುಎಇ ಒಪ್ಪಂದದಲ್ಲಿ ಎಷ್ಟೋ ಸಾಮಾನಿಗೆ ಶೇ 40ರಷ್ಟು ಮೌಲ್ಯ ಇಲ್ಲೇ ಸೇರಿರಬೇಕು ಅಂತ ಇದೆ. ಅದನ್ನು ತೋರಿಸಲು ಕಾಸ್ಟ್ ಶೀಟ್ ಬೇಕು. ಎರಕದ ಬಿಲ್ಲು, ಕರೆಂಟ್ ಬಿಲ್ಲು, ಕೂಲಿ, ಸೀಲ್ ತಂದ ಬಿಲ್ಲು, ಎಲ್ಲ. ನಮ್ಮ ಕಡೆ ಎಷ್ಟು ವರ್ಕ್‌ಶಾಪುಗಳಲ್ಲಿ ಒಂದೊಂದು ಪೀಸಿಗೆ ಎಷ್ಟು ಖರ್ಚಾಯಿತು ಅನ್ನೋ ಲೆಕ್ಕ ಬರೆದಿಡುತ್ತಾರೆ ಹೇಳಿ? ನಾನೂ ಇಡುತ್ತಿರಲಿಲ್ಲ. ಅಂದಾಜಿನ ಮೇಲೆ ಇಪ್ಪತ್ತು ವರ್ಷ ನಡೆಸಿದೆ. ಈಗ ಬರೆಯಲು ಕೂತ ಮೇಲೆ ಗೊತ್ತಾಯಿತು, ಎರಡು ಐಟಂನಲ್ಲಿ ನನಗೆ ಲಾಭವೇ ಇರಲಿಲ್ಲ. ಇದೂ ಒಪ್ಪಂದದ ಲಾಭ ಅಂತಲೇ ಹಿಡಿಯಿರಿ.

ಈ ಒರಿಜಿನ್ ನಿಯಮವನ್ನು ನಾನು ಮೊದಮೊದಲು ಚೆನ್ನಾಗಿ ಬೈದೆ. ಆದರೆ ಹಾನಗಲ್ ಕಡೆಯ ನಮ್ಮ ಬೀಗರು ಅಡಿಕೆ ಬೆಳೆಯುವವರು, ಅವರ ಜೊತೆ ಮಾತಾಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಶ್ರೀಲಂಕಾದ ಜೊತೆಗಿನ ಒಪ್ಪಂದ 2000ದ ಮಾರ್ಚಿನಿಂದ ಇದೆ. ಅದರ ಹೆಸರಿನಲ್ಲಿ ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾದ ವೇಷ ಹಾಕಿ ಇಲ್ಲಿಗೆ ಬಂತು, ಬೆಳೆಗಾರರು ಗಲಾಟೆ ಮಾಡಿದ ಮೇಲೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆಗೆ ತರಬಾರದು ಅಂತ ಸರ್ಕಾರ ಕಟ್ಟು ಹಾಕಬೇಕಾಯಿತು. ಅಡಿಕೆಗೂ ಹಾಗೇ, 2023ರಲ್ಲಿ ಆ ಕನಿಷ್ಠ ದರವನ್ನು 351 ರೂಪಾಯಿಗೆ ಏರಿಸಿದರು. ನಮ್ಮ ಬೀಗರು ಹೇಳಿದ್ದು ಇಷ್ಟು: ‘ನಿನ್ನ ಮಾಲಿಗೆ ಕಾಗದಾ ಕೇಳಬ್ಯಾಡ್ರಿ ಅಂತಿ, ಹಂಗಾದ್ರ ನಮ್ಮ ಅಡಿಕಿಗೆ ಕುತ್ತಿಗಿ ಕೊಯ್ಯೋ ಮಾಲಿಗೂ ಕೇಳಬಾರದೇನು?’ ನನ್ನ ಬಳಿ ಉತ್ತರ ಇರಲಿಲ್ಲ. ಒಪ್ಪಂದ ಅಂದರೆ ಎರಡೂ ಕಡೆ ತೆರೆಯುವ ಬಾಗಿಲು, ಬರೀ ಲಾಭದ ಸುದ್ದಿ ಬರೆಯುವಾಗ ನೀವೂ ಇದನ್ನು ಮರೆಯಬಾರದು.

ಬ್ಯಾಡಗಿಯ ವಿಷಯ ಬೇರೆ. ಅಲ್ಲಿಯ ಮೆಣಸಿನಕಾಯಿಗೆ 2011ರಲ್ಲೇ ಜಿಐ, ಅಂದರೆ ಆ ಊರಿನ ಹೆಸರಿನ ಅಧಿಕೃತ ಗುರುತು ಸಿಕ್ಕಿದೆ, ಕಡ್ಡಿ ಮತ್ತು ಡಬ್ಬಿ ಎರಡೂ ತಳಿ ಬಣ್ಣಕ್ಕೆ ಹೆಸರುವಾಸಿ, ಅದರಿಂದ ತೆಗೆದ ಓಲಿಯೋರೆಸಿನ್ ಅನ್ನೋ ಬಣ್ಣದ ಸಾರ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಸುಂಕ ಇಳಿದರೆ ಬ್ಯಾಡಗಿ ಬಂಗಾರ ಆಗುತ್ತದೆ ಅಂತ ಭಾಷಣ ಮಾಡುವವರು ಇದ್ದಾರೆ. ಆದರೆ ಅಲ್ಲಿಯ ಅಡತಿ ಅಂಗಡಿಯಲ್ಲಿ ಕೂತು ಕೇಳಿ, ಯುರೋಪಿಗೆ ಮಾಲು ಕಳಿಸುವವರಿಗೆ ಭಯ ಸುಂಕದ್ದಲ್ಲ, ಲ್ಯಾಬಿನದು. ಒಣ ಮೆಣಸಿನಕಾಯಿಯಲ್ಲಿ ಬೂಷ್ಟಿನಿಂದ ಆಗುವ ಅಫ್ಲಾಟಾಕ್ಸಿನ್ ಬಿ1 ಅನ್ನೋ ವಿಷ ಕಿಲೋಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ಐರೋಪ್ಯ ಒಕ್ಕೂಟದ ನಿಯಮ. ಕಾಯಿ ನೆಲದ ಮೇಲೆ ಒಣಗಿ, ನಡುವೆ ಒಂದು ಅಕಾಲದ ಮಳೆ ಬಿದ್ದು, ಮಾರುಕಟ್ಟೆಗೆ ಹಸಿ ಹಸಿಯೇ ಬಂದರೆ ಯಾವ ಒಪ್ಪಂದ ತಾನೇ ಏನು ಮಾಡೀತು? ಅಲ್ಲಿಗೆ ಬೇಕಾದದ್ದು ಒಣಗಿಸುವ ಕಣ, ತಾಡಪತ್ರಿ, ಹತ್ತಿರದಲ್ಲೊಂದು ಲ್ಯಾಬ್. ಅದು ರೈತನ ಕೈಗೆಟುಕುವ ದರದಲ್ಲಿ.

ಈಗ ಬ್ರಿಟನ್ ಜೊತೆಗಿನ ಒಪ್ಪಂದಕ್ಕೂ 2025ರ ಜುಲೈ 24ರಂದು ಸಹಿ ಬಿದ್ದಿದೆ. ನಮ್ಮ ಶೇ 99ರಷ್ಟು ಬಗೆಯ ಸಾಮಾನಿಗೆ ಅಲ್ಲಿ ಸುಂಕ ಇರುವುದಿಲ್ಲ ಅನ್ನುತ್ತಾರೆ. ಬಟ್ಟೆಗೆ ಅಲ್ಲಿ ಶೇ 12ರವರೆಗೆ ಸುಂಕ ಇತ್ತು, ಅಂದರೆ ನನ್ನ ಐದಕ್ಕಿಂತ ದೊಡ್ಡ ತುತ್ತು. ಗದಗ-ಬೆಟಗೇರಿಯಲ್ಲಿ ಮಗ್ಗ ಇಟ್ಟುಕೊಂಡವರಿಗೆ, ಧಾರವಾಡದಲ್ಲಿ ಕಸೂತಿ ಹಾಕುವ ಹೆಣ್ಣುಮಕ್ಕಳ ಸಂಘಗಳಿಗೆ ಇದರಲ್ಲಿ ಏನಾದರೂ ಸಿಗಬೇಕಾದರೆ ಆ ಕಾಗದ ಅವರ ಹೆಸರಿನಲ್ಲಿ ಆಗಬೇಕು. ಇಲ್ಲದಿದ್ದರೆ ಸೀರೆಗೆ ಇಷ್ಟು ಅಂತ ಕೂಲಿ ಅವರಿಗೆ, ಹನ್ನೆರಡು ಪರ್ಸೆಂಟ್ ಇನ್ಯಾರಿಗೋ.

ಹುಬ್ಬಳ್ಳಿಯಲ್ಲಿ 1928ರಿಂದ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಇದೆ, ಈ ಭಾಗದ ವ್ಯಾಪಾರಿಗಳಿಗೆ ಅದೇ ದೊಡ್ಡ ಮನೆ. ಅಲ್ಲಿ ವಾರಕ್ಕೊಮ್ಮೆ ಒಂದು ಟೇಬಲ್ ಹಾಕಿ, ಕನ್ನಡದಲ್ಲಿ ಮಾತಾಡುವ ಒಬ್ಬ ಗೊತ್ತಿದ್ದವರನ್ನು ಕೂರಿಸಲಿ. ನಮ್ಮ ಬಿಲ್ಲು ತಗೊಂಡು ಹೋದರೆ ಎಚ್‌ಎಸ್ ಕೋಡ್ ಇದು, ದುಬೈಯಲ್ಲಿ ಸುಂಕ ಇಷ್ಟು, ಕಾಗದ ಹೀಗೆ ಅಂತ ಅರ್ಧ ತಾಸಿನಲ್ಲಿ ಹೇಳುವಂಥವರು. ಹೋಟೆಲ್ ಹಾಲಿನಲ್ಲಿ ಇಂಗ್ಲಿಷ್ ಪಿಪಿಟಿ ತೋರಿಸಿ, ಬಿಸಿಬೇಳೆಬಾತ್ ತಿನಿಸಿ ಕಳಿಸುವ ಸೆಮಿನಾರುಗಳಿಗೆ ನಾನು ಮೂರು ಸಲ ಹೋಗಿ ಬಂದಿದ್ದೇನೆ. ಬಿಸಿಬೇಳೆಬಾತ್ ಚೆನ್ನಾಗಿತ್ತು.

ನಿಮಗೂ ಒಂದು ವಿನಂತಿ. ವಾರಕ್ಕೊಂದು ಸಾಮಾನು ಹಿಡಿದು ಬರೆಯಿರಿ. ಮೆಣಸಿನಕಾಯಿ, ವಾಲ್ವ್, ಕೌದಿ, ನವಲಗುಂದದ ಜಮಖಾನೆ. ಯಾವ ದೇಶದಲ್ಲಿ ಅದಕ್ಕೆ ಎಷ್ಟು ಸುಂಕ ಇತ್ತು, ಈಗ ಎಷ್ಟು, ಯಾವ ಕಾಗದ ಬೇಕು. ಕಾಲು ಪುಟ ಸಾಕು. ಐಇಸಿ ತೆಗೆದವರು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಆನ್‌ಲೈನ್‌ನಲ್ಲಿ ಅಪ್‌ಡೇಟ್ ಮಾಡದಿದ್ದರೆ ಬಂದ್ ಆಗುತ್ತದೆ ಅನ್ನೋದು ಎಷ್ಟು ಜನರಿಗೆ ಗೊತ್ತಿದೆ? ಇಂಥದ್ದು ಬರೆಯಿರಿ. (ಹುಬ್ಬಳ್ಳಿ-ಅಂಕೋಲಾ ರೈಲಿನ ಬಗ್ಗೆಯೂ ಬರೆಯಿರಿ ಅನ್ನಬೇಕೆಂದಿದ್ದೆ. ತೊಂಬತ್ತರ ದಶಕದಿಂದ ಬರೆಯುತ್ತಲೇ ಇದ್ದೀರಿ, ಪಾಪ. ಅಲ್ಲಿಯವರೆಗೆ ನಮ್ಮ ಪೆಟ್ಟಿಗೆಗಳು ಲಾರಿಯಲ್ಲೇ ಮುಂಬೈ ದಾರಿ ಹಿಡಿಯುತ್ತವೆ.)

ಎರಡನೇ ಕನ್‌ಸೈನ್‌ಮೆಂಟ್ ಕಳೆದ ತಿಂಗಳು ಹೋಯಿತು, ಈ ಸಲ ಸರಿಯಾದ ಸರ್ಟಿಫಿಕೇಟ್ ಜೊತೆ. ಸುಂಕ ಸೊನ್ನೆ. ಗಿರಾಕಿ ಹೋದ ಸಲದ ನಲವತ್ತೆರಡು ಸಾವಿರದ ಬಗ್ಗೆ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ, ಯಾಕೆಂದರೆ ಮೂರನೇ ಆರ್ಡರ್ ಬಂದಿದೆ. ತುಂಬಿದ ಅರ್ಜಿ ಮತ್ತು ಕಾಸ್ಟ್ ಶೀಟಿನ ಜೆರಾಕ್ಸ್ ನನ್ನ ಫೈಲಿನಲ್ಲಿದೆ. ತಾರಿಹಾಳ, ಗೋಕುಲ ರಸ್ತೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಎಲ್ಲಿಯವರೇ ಆಗಲಿ, ನಿಮ್ಮ ಕಚೇರಿಯಲ್ಲಿ ನನ್ನ ನಂಬರ್ ತಗೊಂಡು ಬರಲಿ. ನಮ್ಮ ರೇಟಿನ ಕಾಲಂ ಮೇಲೆ ಮಾತ್ರ ಒಂದು ಕಾಗದ ಅಂಟಿಸಿಟ್ಟಿದ್ದೇನೆ.

ಇಂತಿ,
ತಾರಿಹಾಳದ ಒಬ್ಬ ವರ್ಕ್‌ಶಾಪ್ ಮಾಲೀಕ, ಹುಬ್ಬಳ್ಳಿ