ಗೆಳೆಯನಿಗೊಂದು ಪತ್ರ: ಪೈಥಾನ್‌ನ ಆಪರೇಟರ್‌ಗಳ ಕುರಿತು

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಇಷ್ಟು ಕಾಲ ಸಹಕಾರ ಸಂಘದ ಲೆಕ್ಕಪತ್ರಗಳಲ್ಲೇ ಮುಳುಗಿದ್ದವನು ಈಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಕುಳಿತಿರುವುದು ಸಂತೋಷದ ಸಂಗತಿ. ಕೂಡುವುದು, ಕಳೆಯುವುದು ಗೊತ್ತಿರುವವನಿಗೆ ಆಪರೇಟರ್‌ಗಳ, ಅಂದರೆ + - ಮುಂತಾದ ಚಿಹ್ನೆಗಳ, ಪಾಠದಲ್ಲಿ ಹೊಸದೇನಿದೆ ಎಂದು ಕೇಳಿದ್ದೀಯೆ. ಚಿಹ್ನೆಗಳು ಬಹುಪಾಲು ಹಳೆಯವೇ. ಆದರೆ ಪ್ರತಿಯೊಂದು ಚಿಹ್ನೆಯೂ ಯಾವ ಬಗೆಯ ಮೌಲ್ಯಗಳ ನಡುವೆ ನಿಂತಿದೆ, ಯಾವ ಬಗೆಯ ಉತ್ತರವನ್ನು ಹಿಂದಿರುಗಿಸುತ್ತದೆ ಎಂದು ಇಲ್ಲಿ ಕೇಳಿಕೊಳ್ಳಲೇಬೇಕು.

5 + 5 ಎಂದರೆ 10. ಅದೇ '5' + '5' ಎಂದು ಉದ್ಧರಣ ಚಿಹ್ನೆಯೊಳಗೆ ಬರೆದರೆ ಉತ್ತರ '55', ಏಕೆಂದರೆ ಅಲ್ಲಿರುವುದು ಸಂಖ್ಯೆಗಳಲ್ಲ, ಸ್ಟ್ರಿಂಗ್‌ಗಳು, ಅಂದರೆ ಅಕ್ಷರಗಳ ಸಾಲುಗಳು. ಅವುಗಳ ನಡುವಿನ + ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತದೆ. ಕೀಬೋರ್ಡಿನಿಂದ ಇನ್‌ಪುಟ್ ಮೂಲಕ ಬಂದದ್ದೆಲ್ಲವೂ ಸ್ಟ್ರಿಂಗ್ ಆಗಿರುವುದರಿಂದ, ನಿನ್ನ ಪ್ರೋಗ್ರಾಂ ಎರಡು ಕಂತುಗಳನ್ನು ಕೂಡುವ ಬದಲು ಪಕ್ಕಪಕ್ಕದಲ್ಲಿ ಬರೆದು ತೋರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲು ಅವನ್ನು ಸಂಖ್ಯೆಗಳಾಗಿ ಪರಿವರ್ತಿಸಿಕೋ.

ಭಾಗಾಕಾರದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಒಂದೇ ಓರೆಗೆರೆ ಹಾಕಿದರೆ ಉತ್ತರ ಯಾವಾಗಲೂ ದಶಮಾಂಶದ ರೂಪದಲ್ಲಿರುತ್ತದೆ. 6 / 2 ಕೂಡ 3 ಅಲ್ಲ, 3.0. (2008ರಲ್ಲಿ ಬಂದ ಪೈಥಾನ್ 3ಕ್ಕಿಂತ ಮೊದಲು 7 / 2 ಎಂದರೆ 3 ಬರುತ್ತಿತ್ತು, ಹಳೆಯ ಪುಸ್ತಕ ಕೈಗೆ ಸಿಕ್ಕಿದರೆ ಎಚ್ಚರವಿರಲಿ.) ಎರಡು ಓರೆಗೆರೆ ಹಾಕಿದರೆ ಭಾಗಲಬ್ಧ ಮಾತ್ರ, % ಹಾಕಿದರೆ ಶೇಷ ಮಾತ್ರ. 135 ನಿಮಿಷಗಳಲ್ಲಿ 135 // 60, ಅಂದರೆ 2 ಗಂಟೆ. 135 % 60, ಅಂದರೆ 15 ನಿಮಿಷ. ಶೇಕಡಾ ಚಿಹ್ನೆಯನ್ನು ಕಂಡೊಡನೆ ಬಡ್ಡಿಯ ದರವನ್ನು ನೆನೆಯುವ ನಿನ್ನ ಅಭ್ಯಾಸವನ್ನು ಇಲ್ಲಿ ಪಕ್ಕಕ್ಕಿಡಬೇಕು.

ಋಣ ಸಂಖ್ಯೆ ಬಂದಾಗ ಇನ್ನೊಂದು ಸೂಕ್ಷ್ಮವಿದೆ. ಪೈಥಾನ್‌ನಲ್ಲಿ -7 // 2 ಎಂದರೆ -4, ಶೇಷ 1. ಸಿ ಭಾಷೆಯಲ್ಲಿ ಅದೇ ಲೆಕ್ಕಕ್ಕೆ ಭಾಗಲಬ್ಧ -3, ಶೇಷ -1. ಎರಡರಲ್ಲೂ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಶೇಷ ಕೂಡಿದರೆ -7 ಬರುವುದರಿಂದ ಯಾವುದನ್ನೂ ತಪ್ಪೆನ್ನಲಾಗದು. ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ, ಸಿ ಸೊನ್ನೆಯ ಕಡೆಗೆ ಸರಿಯುತ್ತದೆ, ಅಷ್ಟೆ. ನನಗೆ ಪೈಥಾನ್‌ನ ಕ್ರಮವೇ ಮೆಚ್ಚುಗೆ. ಮಧ್ಯಾಹ್ನ ಎರಡು ಗಂಟೆಗೆ ಐದು ಗಂಟೆ ಮೊದಲು ಗಡಿಯಾರದ ಮುಳ್ಳು ಎಲ್ಲಿತ್ತು ಎಂಬುದಕ್ಕೆ (2 - 5) % 12 ಎಂದು ಬರೆದರೆ ನೇರವಾಗಿ 9 ಸಿಗುತ್ತದೆ.

ನಿನ್ನ ವೃತ್ತಿಗೆ ಬೇಕಾದ ಮಾತೊಂದಿದೆ. 0.1 + 0.2 ಎಂದು ಕೊಟ್ಟರೆ 0.30000000000000004 ಬರುತ್ತದೆ, ಏಕೆಂದರೆ ಆ ದಶಮಾಂಶಗಳನ್ನು ಕಂಪ್ಯೂಟರ್ ಬಳಸುವ ದ್ವಿಮಾನ (0 ಮತ್ತು 1ರ) ಪದ್ಧತಿಯಲ್ಲಿ ಕರಾರುವಾಕ್ಕಾಗಿ ಹಿಡಿದಿಡಲು ಆಗುವುದಿಲ್ಲ. ಆದ್ದರಿಂದ ಹಣದ ಲೆಕ್ಕವನ್ನು ಪೈಸೆಗಳಲ್ಲಿ, ಪೂರ್ಣಾಂಕಗಳಾಗಿಯೇ ಇಟ್ಟುಕೊಂಡು, ತೋರಿಸುವಾಗ ಮಾತ್ರ ರೂಪಾಯಿಗೆ ತರುವುದು ಕ್ಷೇಮ.

ಸಮ ಚಿಹ್ನೆಯನ್ನು 1557ರಲ್ಲಿ ರಾಬರ್ಟ್ ರೆಕಾರ್ಡ್ ತನ್ನ ಗಣಿತ ಗ್ರಂಥದಲ್ಲಿ ಬಳಸಿದ್ದು ಎರಡು ಬದಿಗಳೂ ಸಮ ಎಂದು ಹೇಳಲು; ಪೈಥಾನ್‌ನಲ್ಲಿ ಒಂಟಿ = ಹಾಗೆ ಹೇಳುವುದಿಲ್ಲ. ಬಾಕಿ = ಬಾಕಿ - 500 ಎಂಬ ಸಾಲನ್ನು ಗಣಿತದ ಮೇಷ್ಟರು ಒಪ್ಪಲಾರರು, ಪೈಥಾನ್ ಮಾತ್ರ ಬಲಬದಿಯ ಲೆಕ್ಕವನ್ನು ಮೊದಲು ಮುಗಿಸಿ, ಬಂದದ್ದನ್ನು ಎಡಬದಿಯ ಹೆಸರಿಗೆ ಕೊಡುತ್ತದೆ. (ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆಂದು ಹುಬ್ಬೇರಿಸಬೇಡ, ಪೈಥಾನ್ 3 ಇದನ್ನು ಒಪ್ಪುತ್ತದೆ.) ಸಮವೇ ಎಂದು ಕೇಳಲು == ಬೇಕು, ಅದರ ಉತ್ತರ ಟ್ರೂ (ನಿಜ) ಅಥವಾ ಫಾಲ್ಸ್ (ಸುಳ್ಳು). ಇಫ್ ಷರತ್ತಿನಲ್ಲಿ ಒಂಟಿ = ಹಾಕಿದರೆ ಪೈಥಾನ್ ಅಲ್ಲಿಯೇ ತಡೆಯುತ್ತದೆ; ಸಿ ಭಾಷೆಯ ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲದ್ದರಿಂದ ಅಲ್ಲಿ ಈ ದೋಷವನ್ನು ಹುಡುಕುವುದು ಕಷ್ಟ.

ಘಾತಕ್ಕೆ ** ಬಳಸು, ^ ಬೇಡ. 2 ^ 3 ಎಂದರೆ ಬಿಟ್‌ಗಳ (ದ್ವಿಮಾನ ಅಂಕಿಗಳ) ಬೇರೆಯೇ ಲೆಕ್ಕ, ಅದರ ಉತ್ತರ 1. ಘಾತವು ಮುಂದಿರುವ ಋಣ ಚಿಹ್ನೆಗಿಂತ ಮೊದಲು ನಡೆಯುವುದರಿಂದ -3 ** 2 ಎಂದರೆ -9.

ಹೋಲಿಕೆಗಳನ್ನು 18 <= ವಯಸ್ಸು < 60 ಎಂದು ಶಾಲೆಯಲ್ಲಿ ಬರೆಯುತ್ತಿದ್ದಂತೆಯೇ ಬರೆಯಬಹುದು. ಆದರೆ ತಿಂಗಳ 1 ಅಥವಾ 15ನೆಯ ದಿನವೇ ಎಂದು ಪರೀಕ್ಷಿಸಲು ದಿನ == 1 ಎಂದು ಬರೆದು, ಆರ್ (ಅಥವಾ) ಹಾಕಿ, ಬರೀ 15 ಎಂದು ನಿಲ್ಲಿಸಿದರೆ ಷರತ್ತು ಎಲ್ಲ ದಿನಗಳಲ್ಲೂ ನಿಜವಾಗುತ್ತದೆ: ಸೊನ್ನೆಯಲ್ಲದ ಯಾವ ಸಂಖ್ಯೆಯನ್ನಾದರೂ ಪೈಥಾನ್ ನಿಜವೆಂದೇ ಎಣಿಸುತ್ತದೆ. ಆರ್‌ನ ಎರಡೂ ಬದಿಗೆ ಪೂರ್ಣ ಹೋಲಿಕೆ ಇರಲೇಬೇಕು.

ಅಭ್ಯಾಸಕ್ಕೆ ಅಧಿಕ ವರ್ಷದ ನಿಯಮವನ್ನೇ ತೆಗೆದುಕೋ. ವರ್ಷ % 4 == 0 ಆಗಿರಬೇಕು; ಅದರೊಂದಿಗೆ (ಆ್ಯಂಡ್), 100ರಿಂದ ಭಾಗವಾಗಬಾರದು ಅಥವಾ 400ರಿಂದ ಭಾಗವಾಗಬೇಕು. ಆ್ಯಂಡ್‌ನ ನಂತರದ ಎರಡು ಹೋಲಿಕೆಗಳನ್ನು ಆವರಣದಲ್ಲಿಟ್ಟು ಒಂದೇ ಸಾಲಿನಲ್ಲಿ ಬರೆದು, 1900, 2000, 2023, 2024 ಕೊಟ್ಟು ನೋಡು. ಬಳಿಕ ಆವರಣ ತೆಗೆದು ಮತ್ತೆ ಓಡಿಸು. ಆವರಣವಿಲ್ಲದಿದ್ದರೆ ಆ್ಯಂಡ್ ಆರ್‌ಗಿಂತ ಮೊದಲು ನಡೆಯುತ್ತದೆಯಾದರೂ ಉತ್ತರಗಳು ಬದಲಾಗುವುದಿಲ್ಲ. ಏಕೆಂದು ಮುಂದಿನ ಪತ್ರದಲ್ಲಿ ನೀನೇ ಬರೆದು ತಿಳಿಸು.

ಇಂತಿ ನಿನ್ನ
ಗೆಳೆಯ